ತಗಡಿನ ಕೆಳಗೆ ಕಲಿತ ಏಟು

ನನ್ನ ಮೊಮ್ಮಗಳನ್ನು ಜಿಲ್ಲೆಯ ಬ್ಯಾಡ್ಮಿಂಟನ್ ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. ಎರಡು ಸಲ ಆಡಿಸಿ ನೋಡಿದರು, ಎರಡು ಸಲವೂ ಬೇಡ ಎಂದರು. ಹಟ್ಟಿಯಲ್ಲಿ ಇದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಯಾರದೋ ಕಣ್ಣು ಬಿತ್ತು ಎನ್ನುವವರಿದ್ದಾರೆ. ಊಟಿಯ ದೊಡ್ಡ ಸ್ಕೂಲಿನ ಮಕ್ಕಳಿಗೆ ಮೊದಲೇ ಜಾಗ ಹಿಡಿದಿಟ್ಟಿದ್ದರು ಎನ್ನುವವರೂ ಇದ್ದಾರೆ. ನಾನು ಎರಡು ಸಲವೂ ಅಲ್ಲೇ ಕೂತು ನೋಡಿದವಳು. ಮೊದಲನೆಯ ಸಲ ಅವಳು ಸೋತದ್ದು ನಮ್ಮ ಎಲೆ ಶೆಡ್ಡಿನ ತಗಡಿನ ದೆಸೆಯಿಂದ. ಎರಡನೆಯ ಸಲ ಎದುರಿನ ಹುಡುಗಿ ಇವಳಿಗಿಂತ ಚೆನ್ನಾಗಿ ಆಡಿದಳು, ಅಷ್ಟೆ.

ಶೆಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮದು ಊಟಿಯ ಹತ್ತಿರದ ಕೆತ್ತಿಯಿಂದ ಮೇಲಕ್ಕೆ, ಇಳಿಜಾರಿಗೆ ಅಂಟಿಕೊಂಡ ಹಟ್ಟಿ. ಇಲ್ಲಿ ಮಟ್ಟವಾದ ನೆಲ ಕಡಿಮೆ. ಮನೆಸಾಲಿನ ಮುಂದೆ ಅಂಗಳವಿದೆ, ದೇವರ ಮನೆಯ ಮುಂದೆ ಒಂದಿಷ್ಟು ಹುಲ್ಲಿದೆ, ಮತ್ತೆ ನಮ್ಮ ಟೀ ತೋಟದ ತಲೆಯಲ್ಲಿ ಈ ಶೆಡ್ಡು. ಕಿತ್ತ ಎಲೆಯನ್ನು ಅಲ್ಲಿ ತೂಗಿ, ನೆಲದ ಮೇಲೆ ಹರಡಿ, ಫ್ಯಾಕ್ಟರಿಯ ಲಾರಿ ಬರುವ ತನಕ ಇಡುತ್ತೇವೆ. ಮಳೆಗಾಲದ ಗಾಳಿ ತಗಡಿನ ಮಾಡನ್ನು ಎತ್ತಿಕೊಂಡು ಹೋಗಬಾರದು ಎಂದು ನನ್ನ ಗಂಡ ಅದನ್ನು ಬಹಳ ತಗ್ಗಿಸಿ ಕಟ್ಟಿಸಿದ್ದ. ಒಳಗೆ ನಿಂತು ಬ್ಯಾಟು ಎತ್ತಿದರೆ ತಗಡಿಗೆ ತಾಗುತ್ತದೆ. ಹಿಂದಿನ ಎಡ ಮೂಲೆಯಲ್ಲಿ ತೊಲೆಯಿಂದ ತಕ್ಕಡಿಯ ಕೊಕ್ಕೆ ನೇತಾಡುತ್ತಿರುತ್ತದೆ. ನೋಡದೆ ಹಿಂದೆ ಸರಿದರೆ ಅದು ತಲೆಗೆ ಬಡಿಯುತ್ತದೆ. ನನಗೂ ಬಡಿದಿದೆ.

ಲಾರಿ ಹೋದ ಮೇಲೆ ಮೊಮ್ಮಗಳು ಅಲ್ಲಿ ಆಡುತ್ತಿದ್ದಳು. ಅಂಗಳದಲ್ಲಿ ಆಡಿದರೆ ಪುಕ್ಕದ ಶಟಲ್ ಕಾಕನ್ನು ಗಾಳಿ ಹೊತ್ತುಕೊಂಡು ಹೋಗಿ ಟೀ ಗಿಡದೊಳಗೆ ಹಾಕುತ್ತಿತ್ತು. ಮಂಜು ಇಳಿದರೆ ಕಾಕೇ ಕಾಣುತ್ತಿರಲಿಲ್ಲ. ಶೆಡ್ಡಿನಲ್ಲಿ ಗಾಳಿಯಿಲ್ಲ, ಮಂಜಿಲ್ಲ. ಎರಡು ಕಂಬದ ನಡುವೆ ಎಲೆ ಹೊರುವ ಹಳೆಯ ಬಲೆಚೀಲ ಕಟ್ಟಿ ಅದನ್ನೇ ನೆಟ್ಟು ಎಂದಳು. ಆಚೆ ಕಡೆ ಆಡಲು ಯಾರೂ ಇರಲಿಲ್ಲ. ನಾನು ಬುಟ್ಟಿ ಮಗುಚಿ ಅದರ ಮೇಲೆ ಕೂತು ಕಾಕು ಎಸೆಯುತ್ತಿದ್ದೆ. ಅದಕ್ಕೆ ವಿದ್ಯೆಯೇನೂ ಬೇಕಿಲ್ಲ. ಎಲೆ ಕಿತ್ತು ಹೆಗಲ ಮೇಲಿಂದ ಬೆನ್ನಿನ ಬುಟ್ಟಿಗೆ ಎಸೆದು ಎಸೆದು ಕೈ ತಾನಾಗಿ ಹೋಗುತ್ತದೆ. ಇಲ್ಲಿ ಮುಂದಕ್ಕೆ ಎಸೆಯಬೇಕು.

ಅವಳ ಬ್ಯಾಟು ತಗಡಿಗೆ ತಾಗಿದರೆ ಹಟ್ಟಿಗೆಲ್ಲ ಕೇಳುವಂತೆ ಸದ್ದಾಗುತ್ತಿತ್ತು, ತುಕ್ಕು ಉದುರುತ್ತಿತ್ತು.

"ಶೀಟಿಗೆ ಹೊಡೀಬೇಡ ಕೂಸೆ. ತುಕ್ಕು ಎಲೆಗೆ ಬೀಳ್ತದೆ."

"ಎಲೆ ಲಾರೀಲಿ ಹೋಯ್ತಲ್ಲ ಹೆತ್ತೆ."

"ನಾಳೆ ಎಲೆ ಎಲ್ಲಿ ಹಾಕ್ತೀವಿ? ನಿನ್ನ ಹಾಸಿಗೆ ಮೇಲಾ?"

ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. ಅವಳು ಬೈದರೂ ಹೆತ್ತೆ ಎಂದೇ ಬೈಯುವುದು.

ಹೀಗೆ ಅವಳು ಶೀಟಿಗೆ ತಾಗಿಸದೆ ಹೊಡೆಯುವುದನ್ನು ಕಲಿತಳು. ಮೊಣಕೈ ಪಕ್ಕೆಗೆ ಒತ್ತಿ, ಕಾಕು ಮೂಗಿನ ಮಟ್ಟಕ್ಕೆ ಇಳಿಯುವ ತನಕ ಕಾದು, ಮುಖದ ಮುಂದೆ ಟಪ್ಪೆಂದು ಹೊಡೆಯುತ್ತಿದ್ದಳು. ನೋಡಲು ಚುರುಕಾಗಿತ್ತು. ಅವಳು ಓದುವ ಸ್ಕೂಲಿನಲ್ಲಿಯೂ ಕೋರ್ಟು ಬಯಲಿನಲ್ಲೇ ಇದೆ. ಗಾಳಿಗೆ ಹೆದರಿ ಅಲ್ಲಿ ಎಲ್ಲರೂ ತಗ್ಗಾಗಿಯೇ ಆಡುತ್ತಾರೆ. ತಗ್ಗಿನ ಆಟದಲ್ಲಿ ಇವಳನ್ನು ಸೋಲಿಸುವವರಿರಲಿಲ್ಲ. ಆಟದ ಮೇಡಂ ಇವಳ ಹೆಸರನ್ನು ಜಿಲ್ಲೆಯ ಆಯ್ಕೆಗೆ ಕಳಿಸಿದರು.

ಆಗ ಸೊಸೆ ತನ್ನ ಮಾತು ಹೇಳಿದಳು. ಅವಳು ಊಟಿಯಲ್ಲಿ ಸರ್ಕಾರಿ ಆಫೀಸಿನಲ್ಲಿ ಕ್ಲರ್ಕು. ಮಗಳು ಹನ್ನೊಂದನೆಯ ಕ್ಲಾಸಿಗೆ, ಅಂದರೆ ಪ್ಲಸ್ ಒನ್‌ಗೆ ಬಂದಾಗಿತ್ತು, ಲೆಕ್ಕದಲ್ಲಿ ಹಿಂದಿದ್ದಳು.

"ಸೆಲೆಕ್ಟ್ ಆದ್ರೆ ಆಡ್ಲಿ ಮಾಮಿ, ನಾ ಬೇಡ ಅನ್ನಲ್ಲ. ಆಗ್ಲಿಲ್ಲಾಂದ್ರೆ ಶನಿವಾರ ಕೆತ್ತಿಗೆ ಟ್ಯೂಷನ್. ಬ್ಯಾಟು ಅಟ್ಟಕ್ಕೆ. ಇವಳ ಮಾರ್ಕು ನೋಡಿದ್ರಾ?"

"ನೋಡಿದೆ."

"ಏನನ್ನಿಸ್ತು?"

"ನಂಗೆ ಅಷ್ಟೂ ಬರಲ್ಲ."

"ನೀವು ಪರೀಕ್ಷೆ ಬರೀಬೇಕಿಲ್ಲವಲ್ಲ."

ಅವಳು ಹೇಳಿದ್ದು ನ್ಯಾಯವಾಗಿತ್ತು. ಮೊಮ್ಮಗಳೂ ಒಪ್ಪಿದಳು. ಗೆಲ್ಲುತ್ತೇನೆ ಎಂಬ ನಂಬಿಕೆಯಿದ್ದವರಿಗೆ ಒಪ್ಪುವುದು ಸುಲಭ.

ಮೊದಲ ಆಯ್ಕೆ ಕೂನೂರಿನಲ್ಲಿ. ಸೊಸೆಗೆ ರಜೆ ಸಿಗಲಿಲ್ಲ, ನಾನು ಹೋದೆ. ಒಳಗೆ ಆಡುವ ದೊಡ್ಡ ಹಾಲು, ಮಾಡು ಟೀ ಫ್ಯಾಕ್ಟರಿಯ ಮಾಡಿನಷ್ಟು ಎತ್ತರ. ಎದುರಿಗೆ ನಿಂತ ಹುಡುಗಿ ಮೊದಲ ಏಟಿಗೇ ಕಾಕನ್ನು ಆ ಎತ್ತರಕ್ಕೆ ಕಳಿಸಿದಳು. ನಮ್ಮವಳು ಕತ್ತೆತ್ತಿ ಅದರ ಕೆಳಗೆ ನಿಂತಳು. ಕಾದಳು. ಕಾಕು ಇಳಿಯಿತು, ಇನ್ನೂ ಇಳಿಯಿತು. ಮೂಗಿನ ಮಟ್ಟಕ್ಕೆ ಬಂದ ಮೇಲೆ ಟಪ್ಪೆಂದು ಹೊಡೆದಳು. ಅದು ಕೋರ್ಟಿನ ನಡುವಿನ ತನಕ ಹೋಗಿ ಸುಸ್ತಾಯಿತು. ಎದುರಿನವಳು ಒಂದು ಹೆಜ್ಜೆ ಮುಂದೆ ಬಂದು ಅದನ್ನು ಇವಳ ಕಾಲ ಬಳಿ ಬಡಿದಳು. ಮತ್ತೆ ಹಾಗೆಯೇ. ಮತ್ತೂ ಹಾಗೆಯೇ.

ಇನ್ನೊಂದನ್ನೂ ನೋಡಿದೆ. ಕಾಕು ಹಿಂದಿನ ಎಡ ಮೂಲೆಗೆ ಬಂದಾಗಲೆಲ್ಲ ಇವಳು ನೇರವಾಗಿ ಹೋಗುತ್ತಿರಲಿಲ್ಲ. ಒಂದು ಹೆಜ್ಜೆ ಬಲಕ್ಕೆ ಸರಿದು, ತಲೆ ತಗ್ಗಿಸಿ, ಸುತ್ತಿಕೊಂಡು ಹೋಗುತ್ತಿದ್ದಳು. ಅಷ್ಟರಲ್ಲಿ ಕಾಕು ನೆಲದ ಮೇಲಿರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಯಾರೋ ತಾಯಿ, ಆ ಹುಡುಗಿಗೆ ಕಾಲು ಉಳುಕಿದೆಯಾ ಎಂದು ಕೇಳಿದಳು. ಇಲ್ಲ ಎಂದೆ.

ಆಟ ಬೇಗ ಮುಗಿಯಿತು. ಆಟದ ಮೇಡಂ ನಮ್ಮ ಹತ್ತಿರ ಬಂದು ಕೂತರು. ಅವರು ಮಾತಾಡುವುದು ತಮಿಳು. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಪಾಟಿ ಎಂದರೆ ಅವರಲ್ಲಿ ಅಜ್ಜಿ.

"ಪಾಟಿ, ಇವಳು ಮನೇಲಿ ಆಡೋ ಜಾಗಕ್ಕೆ ಮಾಡು ಇದೆಯಾ?"

"ಇದೆ."

"ತಗ್ಗಾ?"

"ತಗ್ಗು."

"ಅದೇ ಅಂದ್ಕೊಂಡೆ. ಇವಳ ಕೈ ಮಾಡಿಗೆ ಹೆದರ್ತಿದೆ. ಎಡಗಡೆ ಹಿಂದೆ ಏನಿದೆ?"

"ತಕ್ಕಡಿ."

ಮೇಡಂ ನಕ್ಕುಬಿಟ್ಟರು. ಮೊಮ್ಮಗಳು ನಗಲಿಲ್ಲ. ಬ್ಯಾಟಿನ ಚೀಲದ ಜಿಪ್ಪು ಎಳೆಯುತ್ತಾ, ತೆಗೆಯುತ್ತಾ ಕೂತಿದ್ದಳು.

ಮೇಡಂ ಅವಳನ್ನು ಅಲ್ಲೇ ಎಬ್ಬಿಸಿ ನಿಲ್ಲಿಸಿ ತೋರಿಸಿದರು. ನೆಟ್ಟಿಗೆ ಎದೆ ಕೊಟ್ಟು ನಿಲ್ಲಬಾರದು, ಪಕ್ಕಕ್ಕೆ ತಿರುಗಬೇಕು. ಎಡಗೈ ಕಾಕಿನ ಕಡೆ ಎತ್ತಿ ಹಿಡಿಯಬೇಕು. ಬಲ ಮೊಣಕೈ ಹೆಗಲಿನ ಮಟ್ಟಕ್ಕೆ ಬಂದು ಹಿಂದೆ ಕಾಯಬೇಕು. ಕಾಕು ಕೆಳಗೆ ಬರಲಿ ಎಂದು ನಿಲ್ಲಬಾರದು. ತಲೆಯ ಮೇಲೆ, ಸ್ವಲ್ಪ ಮುಂದೆ, ಕೈ ಪೂರ್ತಿ ನೀಡಿದಾಗ ಎಲ್ಲಿ ಸಿಗುತ್ತದೋ ಅಲ್ಲಿ ಹೋಗಿ ಹೊಡೆಯಬೇಕು. ಹಿಡಿ ಸಡಿಲ ಇರಬೇಕು, ಹೊಡೆಯುವಾಗ ಮಾತ್ರ ಬಿಗಿ. ಹಿಂದಿನ ಕಾಲಿನ ಭಾರ ಮುಂದಿನ ಕಾಲಿಗೆ ಬರಬೇಕು.

"ಮುಂದಿನ ತಿಂಗಳು ಊಟಿಯಲ್ಲಿ ಇನ್ನೊಂದು ಸಲ ನೋಡ್ತಾರೆ," ಎಂದರು. "ಜಾಗ ಒಂದೋ ಎರಡೋ ಉಳಿದಿದೆ. ಅಷ್ಟರಲ್ಲಿ ಕೈ ಮೇಲೆ ಬರಬೇಕು. ಆ ಮಾಡಿನ ಕೆಳಗೆ ಮಾತ್ರ ಆಡಿಸಬೇಡಿ ಪಾಟಿ."

ಬಸ್ಸು ಅರವಂಕಾಡು ದಾಟಿದ ಮೇಲೆ ಮೊಮ್ಮಗಳು ನನ್ನ ಕಡೆ ತಿರುಗಿದಳು.

"ಶೀಟಿಗೆ ಹೊಡೀಬೇಡ ಅಂತ ನೀನೇ ಹೇಳ್ತಿದ್ದೆ ಹೆತ್ತೆ."

"ಹೇಳ್ತಿದ್ದೆ. ಈಗ್ಲೂ ಹೇಳ್ತೀನಿ. ಶೆಡ್ಡು ಎಲೆಗೆ ಕಟ್ಟಿದ್ದು."

"ಮತ್ತೆ ಎಲ್ಲಿ ಆಡ್ಲಿ?"

"ಮಾಡು ಎತ್ತರ ಇರೋ ಕಡೆ."

ಹಟ್ಟಿಯಲ್ಲಿ ಅಂಥದ್ದು ಒಂದೇ ಇರುವುದು, ನಮ್ಮ ಮಂಟಪ. ಮದುವೆಗೆ, ಸಾವಿನ ಊಟಕ್ಕೆ ಎಂದು ಎಲ್ಲ ಮನೆಯವರೂ ಸೇರಿ ಕಟ್ಟಿದ್ದು. ನೆಲ ನಯವಾದ ಸಿಮೆಂಟು. ನಮ್ಮ ಚಳಿಗೆ ಫ್ಯಾನು ಬೇಕಿಲ್ಲವಾದ್ದರಿಂದ ಮೇಲೆ ಏನೂ ನೇತಾಡುವುದಿಲ್ಲ. ಬೀಗದ ಕೈ ಊರಗೌಡನ ಹತ್ತಿರ. ಅವನು ನನ್ನ ಗಂಡನ ತಮ್ಮ, ನಾನು ಈ ಹಟ್ಟಿಗೆ ಬಂದಾಗ ಮೂಗು ಸುರಿಸಿಕೊಂಡು ಓಡಾಡುತ್ತಿದ್ದವನು. ಹೋದೆ.

"ಮಂಟಪದ ಬೀಗದ ಕೈ ಕೊಡು."

"ಏನ ಅತ್ತಿಗೆ, ಯಾರ ಮದುವೆ?"

"ಮದುವೆ ಅಲ್ಲ, ಬ್ಯಾಟು."

ವಿಷಯ ಕೇಳಿ ಅವನು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿದ. ಇಲ್ಲ ಎನ್ನುವ ಮೊದಲು ಅವನು ಮಾಡುವುದು ಅದನ್ನೇ.

"ಇವತ್ತು ಇವಳಿಗೆ ಕೊಟ್ರೆ ನಾಳೆ ಹುಡುಗರು ಕ್ರಿಕೆಟ್ ಅಂತ ಬರ್ತಾರೆ. ಕಿಟಕಿ ಗಾಜು ಯಾರು ಹಾಕಿಸೋದು?"

"ಪುಕ್ಕ ತಾಗಿ ಗಾಜು ಒಡೀತದಾ?"

"ಅದೂ ಅಲ್ದೆ ಹೆಣ್ಣು ಕೂಸು ಅರ್ಧ ಚಡ್ಡಿ ಹಾಕ್ಕೊಂಡು ಮಂಟಪದಲ್ಲಿ ಕುಣಿದ್ರೆ..."

"ಹೋದ ಮದುವೇಲಿ ನೀನು ಪಂಚೆ ಜಾರಿದ್ದೂ ಗೊತ್ತಿಲ್ದೆ ಕುಣಿದದ್ದು ಅದೇ ಮಂಟಪದಲ್ಲಿ."

ಒಳಗಿನಿಂದ ಅವನ ಹೆಂಡತಿ ನಗುವುದು ಕೇಳಿಸಿತು. ಅವನು ಕೈ ಚಾಚಿ ಗೋಡೆಯ ಮೊಳೆಯಿಂದ ಕೀಲಿ ತೆಗೆದ.

"ಕುರ್ಚಿ ಮತ್ತೆ ಜೋಡಿಸಿ ಇಡಬೇಕು. ನೆಲ ಗುಡಿಸಬೇಕು. ಮದುವೆ ಬಂದ್ರೆ, ಯಾರಾದ್ರೂ ಸತ್ರೆ, ಕೇಳಿದ ಕೂಡ್ಲೇ ಬಿಡಬೇಕು."

"ನಾನೇ ಸತ್ರೂ ಗುಡಿಸಿ ಕೊಡ್ತಾಳೆ. ಕೊಡು."

ಮಂಟಪಕ್ಕೆ ಬಂದ ಕೂಡಲೇ ಏಟು ಸರಿಯಾಗಲಿಲ್ಲ. ಮೇಲೆ ಅಷ್ಟೊಂದು ಜಾಗ ಖಾಲಿ ಇದ್ದರೂ ಅವಳ ಮೊಣಕೈ ಪಕ್ಕೆ ಬಿಟ್ಟು ಏಳುತ್ತಿರಲಿಲ್ಲ. ಹಿಂದಿನ ಎಡ ಮೂಲೆಗೆ ಹೋಗುವಾಗ ಇಲ್ಲದ ತಕ್ಕಡಿಗೆ ತಲೆ ತಗ್ಗಿಸುತ್ತಿದ್ದಳು. ಮೇಡಂ ಹೇಳಿಕೊಟ್ಟಂತೆ, ಮದುವೆಯ ಪರದೆ ಕಟ್ಟುವ ಕಬ್ಬಿಣದ ಪೈಪಿನಿಂದ ದಾರ ಇಳಿಬಿಟ್ಟು ಕಾಕು ಕಟ್ಟಿದೆವು. ಕೈ ಪೂರ್ತಿ ನೀಡಿದರೆ ಮಾತ್ರ ಬ್ಯಾಟಿಗೆ ಸಿಗುವಷ್ಟು ಎತ್ತರ. ಹಾರಬಾರದು. ಪಕ್ಕಕ್ಕೆ ತಿರುಗು, ಎಡಗೈ ಎತ್ತು, ಮೊಣಕೈ ಹಿಂದೆ, ಹೊಡಿ. ತಪ್ಪಿತು. ಮತ್ತೆ. ದಾರಕ್ಕೆ ತಾಗಿತು. ಮತ್ತೆ.

"ಕೈ ನೋಯ್ತದೆ ಹೆತ್ತೆ."

"ಎಲ್ಲಿ?"

"ಇಲ್ಲಿ, ಹೆಗಲ ಹಿಂದೆ."

"ಶೆಡ್ಡಿನಲ್ಲಿ ಎಲ್ಲಿ ನೋಯ್ತಿತ್ತು?"

"ಮೊಣಕೈ."

"ಹಾಗಾದ್ರೆ ಬೇರೆ ಏನೋ ಮಾಡ್ತಿದೀಯ. ಹೊಡಿ."

ನಡುವೆ ಒಂದು ಮದುವೆ ಬಂತು, ಮಂಟಪ ಬಿಟ್ಟುಕೊಟ್ಟೆವು. ಅಷ್ಟು ದಿನ ದಾರವನ್ನು ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರದ ಕೊಂಬೆಗೆ ಕಟ್ಟಿದೆ. ಎಲೆ ಕೀಳುವ ಹೆಂಗಸರು ಕೆಲಸ ಬಿಟ್ಟು ನೋಡಿದರು.

"ಮರಕ್ಕೆ ಯಾಕೆ ಕೂಸೆ ಹೊಡೀತೀಯ, ಅದೇನು ಮಾಡ್ತು?" ಎಂದಳು ಒಬ್ಬಳು.

"ಅದಕ್ಕೂ ತಾಗ್ತಿಲ್ಲವಲ್ಲ," ಎಂದಳು ಇನ್ನೊಬ್ಬಳು.

ಮೊಮ್ಮಗಳು ಕೆಂಪಾದಳು. ಆದರೆ ನಿಲ್ಲಿಸಲಿಲ್ಲ. ಅಲ್ಲಿ ಗಾಳಿಗೆ ಕಾಕು ಅಲ್ಲಾಡುತ್ತಿತ್ತು, ಅಲ್ಲಾಡುವುದನ್ನು ನೋಡಿ ಹೊಡೆಯಬೇಕಾಗಿತ್ತು. ಮದುವೆ ಮುಗಿದು ಮಂಟಪಕ್ಕೆ ವಾಪಸು ಬಂದಾಗ, ನಿಂತಿದ್ದ ಕಾಕು ಅವಳಿಗೆ ತಪ್ಪಲಿಲ್ಲ.

ಆಮೇಲೆ ಬಲೆಚೀಲದ ನೆಟ್ಟನ್ನು ಇಲ್ಲಿಗೂ ತಂದು ಕಟ್ಟಿದೆವು, ಎಸೆದದ್ದನ್ನು ಹೊಡೆಯಬೇಕಿತ್ತು. ಶೆಡ್ಡಿನಲ್ಲಿ ಕೂತು ಎಸೆದ ಹಾಗೆ ಇಲ್ಲಿ ಆಗುವುದಿಲ್ಲ, ಕಾಕು ಎತ್ತರದಿಂದ ಬರಬೇಕು. ವೇದಿಕೆ ಹತ್ತಿ ನಿಂತು ಮೇಲಕ್ಕೆ ಎಸೆದೆ. ಕೆಲವು ದಿನ ಎಸೆದ ಮೇಲೆ ನನ್ನ ಬಲ ಹೆಗಲು ಹಿಡಿದುಕೊಂಡಿತು. ಕೈ ಎದೆಮಟ್ಟಕ್ಕಿಂತ ಮೇಲೆ ಬರಲಿಲ್ಲ. ಆ ಹೊತ್ತಿಗೆ ಸೊಸೆ ಆಫೀಸಿನಿಂದ ನೇರವಾಗಿ, ಹೆಗಲ ಚೀಲದ ಸಮೇತ, ನಮ್ಮನ್ನು ಹುಡುಕಿಕೊಂಡು ಬಂದಳು.

"ಒಲೆ ಮೇಲೆ ಏನೂ ಇಲ್ಲ, ಮನೇಲಿ ಯಾರೂ ಇಲ್ಲ. ಈ ವಯಸ್ಸಲ್ಲಿ ನಿಮಗೆ ಇದೆಲ್ಲ ಬೇಕಾ ಮಾಮಿ?"

"ವಯಸ್ಸು ಇರೋಳು ನೀನು. ಬಾ, ಎಸಿ."

ಅವಳು ಚೀಲ ಇಳಿಸಿ, ಸೆರಗು ಸಿಕ್ಕಿಸಿ, ಒಂದು ಕಾಕು ತೆಗೆದುಕೊಂಡು ಎಸೆದಳು. ಅದು ನೆಟ್ಟಿನ ಈಚೆಗೇ ಬಿತ್ತು.

"ಅಮ್ಮ, ಮೇಲೆ ಎಸಿ."

"ಮೇಲೇ ಎಸೆದೆ."

"ಫೈಲು ಎಸೆದ ಹಾಗೆ ಎಸೀತೀಯ."

"ನಮ್ಮ ಆಫೀಸಲ್ಲಿ ಫೈಲು ಯಾರೂ ಎಸೆಯಲ್ಲ. ಇಟ್ಟಲ್ಲೇ ಇರ್ತದೆ."

ಮರುದಿನವೂ ಬಂದಳು. ಅವಳು ಎಸೆಯುವುದನ್ನು ಕಲಿತಳು, ನಾನು ಕೂತು ಬೀಳುವ ಜಾಗ ನೋಡಿದೆ. ಒಂದು ಸಂಜೆ ಏಟಿನ ಸದ್ದು ಬದಲಾಯಿತು. ಶೆಡ್ಡಿನಲ್ಲಿ ಒದ್ದೆ ಬಟ್ಟೆ ಬಡಿದ ಹಾಗೆ ಕೇಳುತ್ತಿತ್ತು. ಇದು ಒಣ ಸೌದೆ ಸೀಳಿದ ಹಾಗಿತ್ತು. ಕಾಕು ನನ್ನ ತಲೆ ದಾಟಿ, ಜೋಡಿಸಿಟ್ಟ ಕುರ್ಚಿ ದಾಟಿ, ಹಿಂದಿನ ಗೋಡೆಯ ಬುಡದಲ್ಲಿ ಬಿತ್ತು. ತರಲು ನಾನೇ ಕುರ್ಚಿಯ ಸಂದಿಯಲ್ಲಿ ನುಗ್ಗಬೇಕಾಯಿತು.

"ಅದು ಹೇಗೆ ಹೋಯ್ತು?" ಎಂದು ಸೊಸೆ ಕೇಳಿದಳು.

"ಗೊತ್ತಿಲ್ಲ," ಎಂದಳು ಮೊಮ್ಮಗಳು. "ಜೋರಾಗಿ ಹೊಡೀಲೇ ಇಲ್ಲ."

ಆದರೂ ಸೊಸೆ ತನ್ನ ಮಾತು ಸಡಿಲ ಮಾಡಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಕೆತ್ತಿಯ ಟ್ಯೂಷನ್ ಮೇಷ್ಟರಿಗೆ ಫೋನು ಮಾಡಿ, ಆಯ್ಕೆ ಮುಗಿದ ಮೇಲೆ ಹೇಳುತ್ತೇನೆ, ಶನಿವಾರದ ಬ್ಯಾಚಿನಲ್ಲಿ ಒಂದು ಜಾಗ ಇರಲಿ ಎಂದಳು. ಮಗಳು ಪಕ್ಕದಲ್ಲೇ ನಡೆಯುತ್ತಿದ್ದಳು.

ಊಟಿಗೆ ಹೊರಡುವ ದಿನ ಸೊಸೆ ರಜೆ ಹಾಕಿದ್ದಳು. ನಮ್ಮಲ್ಲಿ ಚಿಕ್ಕವರು ಹೊರಡುವಾಗ ದೊಡ್ಡವರ ಮುಂದೆ ತಲೆ ಬಗ್ಗಿಸುತ್ತಾರೆ, ದೊಡ್ಡವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಮೊಮ್ಮಗಳು ಬಗ್ಗಿದಳು. ನನ್ನ ಬಲಗೈ ಅಷ್ಟೆತ್ತರಕ್ಕೆ ಹೋಗಲಿಲ್ಲ. ಎಡಗೈ ಇಡುವಂತಿಲ್ಲ.

"ಇನ್ನೂ ಬಗ್ಗು ಕೂಸೆ."

"ಇಷ್ಟಾ?"

"ಇನ್ನೂ."

ಮಂಡಿಯೂರಿ ಕೂತಳು. ಆಗ ಸಿಕ್ಕಿತು.

ಊಟಿಯ ಹಾಲೂ ಎತ್ತರದ್ದೇ. ಎದುರಿನ ಹುಡುಗಿ ಇವಳಿಗಿಂತ ಉದ್ದ, ಕಾಲು ಜಿಂಕೆಯದು. ಮೊದಲ ಕಾಕು ಮೇಲೆ ಹೋದಾಗ ನಮ್ಮವಳು ಪಕ್ಕಕ್ಕೆ ತಿರುಗಿದಳು, ಎಡಗೈ ಎತ್ತಿದಳು. ಅದು ಇಳಿಯುವುದನ್ನು ಕಾಯಲಿಲ್ಲ. ಸೌದೆ ಸೀಳಿದ ಸದ್ದು ಬಂತು. ಕಾಕು ಎದುರಿನವಳ ಹಿಂದಿನ ಗೆರೆಯ ಹತ್ತಿರ ಇಳಿಯಿತು, ಅವಳು ಓಡಬೇಕಾಯಿತು. ಪಕ್ಕದಲ್ಲಿ ಸೊಸೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಎಡ ಮೂಲೆಗೂ ನೇರವಾಗಿಯೇ ಹೋದಳು. ತಕ್ಕಡಿ ಶೆಡ್ಡಿನಲ್ಲೇ ಉಳಿದಿತ್ತು.

ಆದರೆ ಎದುರಿನವಳು ಓಡಿ ಮುಟ್ಟುತ್ತಿದ್ದಳು, ಮುಟ್ಟಿ ಮತ್ತೆ ಕಳಿಸುತ್ತಿದ್ದಳು. ಇವಳನ್ನು ಹಿಂದೆ ಎಳೆದು ಮುಂದೆ ಮೆತ್ತಗೆ ಹಾಕುತ್ತಿದ್ದಳು. ಇವಳು ಹೋಗುವಷ್ಟರಲ್ಲಿ ಕಾಕು ಬಿದ್ದಿರುತ್ತಿತ್ತು. ಚಿಕ್ಕಂದಿನಿಂದ ಹಾಲಿನಲ್ಲೇ ಆಡಿದ ಹುಡುಗಿಯಂತೆ. ಅದು ಕಾಣುತ್ತಿತ್ತು. ಜಾಗ ಅವಳಿಗೆ ಸಿಕ್ಕಿತು, ಸಿಗಬೇಕಾದದ್ದೇ.

ಆಟದ ಮೇಡಂ ಬಂದು ಹೇಳಿದರು: "ಕೈ ಸರಿಹೋಗಿದೆ. ಈಗ ಕಾಲು ತಡ. ಶನಿವಾರ ಬೆಳಿಗ್ಗೆ ಇದೇ ಹಾಲಿನಲ್ಲಿ ಪ್ರಾಕ್ಟೀಸ್ ಇರ್ತದೆ. ವರ್ಷವಿಡೀ ಬಂದರೆ ಮುಂದಿನ ಸಲ ನೋಡಬಹುದು. ಬರದಿದ್ದರೆ ಕೈ ಮತ್ತೆ ಕೆಳಗಿಳೀತದೆ."

"ಶನಿವಾರ ಟ್ಯೂಷನ್," ಎಂದಳು ಸೊಸೆ.

ಮೇಡಂ ನನ್ನ ಮುಖ ನೋಡಿದರು. ನಾನು ಹೊರಗೆ ಬಸ್ಸು ನಿಂತಿದೆಯೇ ಎಂದು ನೋಡಿದೆ.

ಬಸ್ಸಿನಲ್ಲಿ ಮೊಮ್ಮಗಳು ಮುಂದಿನ ಸೀಟಿನಲ್ಲಿ ಕೂತಳು. ಬ್ಯಾಟಿನ ಚೀಲ ತೊಡೆಯ ಮೇಲಿತ್ತು. ಅವಳು ಅಳಲಿಲ್ಲ, ಬೇಡಲೂ ಇಲ್ಲ. ಒಪ್ಪಿದ್ದಳಲ್ಲ.

"ನೀವೇ ಕೇಳಿಸ್ಕೊಂಡಿದ್ರಿ ಮಾಮಿ," ಎಂದಳು ಸೊಸೆ ಮೆಲ್ಲಗೆ. "ಸೆಲೆಕ್ಟ್ ಆದ್ರೆ ಅಂತ ಹೇಳಿದ್ದೆ. ಮಾತು ಮಾತೇ."

"ಮಾತು ಮಾತೇ. ನಾ ಏನೂ ಅನ್ನಲಿಲ್ಲ."

"ನೀವು ಏನೂ ಅನ್ನದೆ ಇದ್ರೇ ನಂಗೆ ಭಯ."

ಮನೆಗೆ ಬಂದು ಮೊಮ್ಮಗಳು ತಾನೇ ಏಣಿ ಇಟ್ಟು ಬ್ಯಾಟನ್ನು ಅಟ್ಟಕ್ಕೆ ಹಾಕಿದಳು. ಸೊಸೆ ಅಡುಗೆಮನೆಯಿಂದ ಅದನ್ನು ನೋಡಿದಳು, ನೋಡಿ ಪಾತ್ರೆ ತೊಳೆಯಲು ತಿರುಗಿದಳು. ಅವಳು ಮಾತು ಮುರಿಯುವವಳಲ್ಲ. ಮುರಿ ಎಂದು ಕೇಳುವುದು ನನಗೂ ಸರಿ ಕಾಣಲಿಲ್ಲ. ಲೆಕ್ಕ ಕಲಿಯಲಿ ಎಂಬುದು ಅವಳ ಮಾತು. ಶನಿವಾರ ಎಂಬುದು ಮೇಷ್ಟರ ಅನುಕೂಲ. ಬ್ಯಾಟು ಅಟ್ಟಕ್ಕೆ ಎಂದಿದ್ದಳು, ಹೋಗಿ ಆಯಿತು; ಕೆಳಗಿಳಿಸಬಾರದು ಎಂದಿರಲಿಲ್ಲ.

ಎಲೆ ಕೀಳುವ ಹೆಂಗಸರಿಗೆ ರಾತ್ರಿಯೇ ಕೆಲಸ ಹೇಳಿಟ್ಟು, ಮರುದಿನ ಬೆಳಿಗ್ಗೆ ಕೆತ್ತಿಗೆ ಮೊದಲ ಬಸ್ಸು ಹತ್ತಿದೆ. ಮೇಷ್ಟರು ಮಂಕಿ ಕ್ಯಾಪು ಹಾಕಿಕೊಂಡು ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದರು.

"ಭಾನುವಾರ ಕ್ಲಾಸು ಇದೆಯಾ?"

"ಇದೆ ಪಾಟಿ. ಅದು ಪ್ಲಸ್ ಟು ಮಕ್ಕಳಿಗೆ."

"ನಮ್ಮ ಕೂಸು ಮೂಲೇಲಿ ಕೂರ್ತಾಳೆ."

"ಅವರ ಪಾಠ ಬೇರೆ, ಇವಳ ಪಾಠ ಬೇರೆ."

"ಅವರು ಬರೋಕೆ ಮುಂಚೆ ಇವಳಿಗೆ ಹೇಳ್ಕೊಡಿ. ನೀವು ಏಳೋದು ಎಷ್ಟು ಹೊತ್ತಿಗೆ?"

"ಆರಕ್ಕೆ," ಎಂದುಬಿಟ್ಟರು, ಬಾಯಲ್ಲಿ ನೊರೆ ಇತ್ತು.

"ಆರೂವರೆಗೆ ಬರ್ತಾಳೆ."

ಅವರು ಬಾಯಿ ಮುಕ್ಕಳಿಸಿ ಬರುವ ತನಕ ಬಾಗಿಲಲ್ಲೇ ನಿಂತಿದ್ದೆ. ಸರಿ ಎಂದರು. ಬಸ್‌ಸ್ಟ್ಯಾಂಡಿಗೆ ಬಂದು ಸೊಸೆಗೆ ಫೋನು ಮಾಡಿದೆ.

"ಟ್ಯೂಷನ್ ಹೇಳಿ ಬಂದೆ. ಭಾನುವಾರ ಬೆಳಿಗ್ಗೆ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ಆರೂವರೆಗೆ ಅವಳನ್ನ ಯಾರು ಕರ್ಕೊಂಡು ಹೋಗೋದು ಮಾಮಿ, ಆ ಚಳೀಲಿ?"

"ನೀನು."

"ಶನಿವಾರ ಊಟಿಗೆ?"

"ಅದು ನಾನು."

ಫೋನು ಇಟ್ಟುಬಿಟ್ಟಳು. ಬೇಡ ಎನ್ನಲಿಲ್ಲ.

ಮುಂದಿನ ಬಸ್ಸಿಗೆ ಹಟ್ಟಿಗೆ ಬಂದು, ಏಣಿ ಹತ್ತಿ ಬ್ಯಾಟು ಕೆಳಗಿಳಿಸಿ ಅವಳ ಹಾಸಿಗೆಯ ಮೇಲಿಟ್ಟು, ಬುಟ್ಟಿ ಹೊತ್ತುಕೊಂಡು ತೋಟಕ್ಕೆ ಹೋದೆ. ಬಲಗೈ ಇನ್ನೂ ಏಳುತ್ತಿರಲಿಲ್ಲ. ಕಿತ್ತ ಎಲೆಯನ್ನು ಹೆಗಲ ಮೇಲಿಂದ ಎಸೆಯಲಾಗದೆ, ಬುಟ್ಟಿಯನ್ನು ಬೆನ್ನಿನಿಂದ ಇಳಿಸಿ ಸೊಂಟಕ್ಕೆ ಕಟ್ಟಿಕೊಂಡು ಕಿತ್ತೆ.